ಎಂಜಿನ್ ಕಟ್ಟಿದ್ದಾಯ್ತು, ಅಂಬಾಸಡರ್ ರಸ್ತೆಗೆ ಇಳಿಯೋದು ಯಾವಾಗ?

ಶಿವಮೊಗ್ಗ: ಗುಜರಿಯವನು ಮೂರು ಸಲ ಬಂದು ಹೋದ. ಮೊದಲ ಸಲ ಟೈರು ಒದ್ದು ನೋಡಿದ. ಎರಡನೇ ಸಲ ಬಾನೆಟ್ ಎತ್ತಿ ಮೂಗು ಮುರಿದ. ಮೂರನೇ ಸಲ ನೇರವಾಗಿ ಕೆ.ಜಿ. ಲೆಕ್ಕದ ಮಾತನ್ನೇ ಎತ್ತಿದ. ದಿನಸಿ ಅಂಗಡಿಯ ಸಾಹುಕಾರರು ಅರ್ಧ ಒಪ್ಪಿಯೂ ಆಗಿತ್ತು. ಅಷ್ಟರಲ್ಲಿ ಒಳಗಿನಿಂದ ಅವರ ವಯಸ್ಸಾದ ತಾಯಿ ಒಂದೇ ಮಾತು ಕೇಳಿದರು. 'ನಿಮ್ಮಪ್ಪನ್ನೂ ಕೆ.ಜಿ. ಲೆಕ್ಕದಲ್ಲೇ ಮಾರ್ತೀಯೇನೋ?'

ವ್ಯಾಪಾರ ಅಲ್ಲಿಗೆ ಮುರಿಯಿತು. ಅಂಗಡಿಯ ಹಿಂದಿನ ತಗಡಿನ ಶೆಡ್ಡಿನಲ್ಲಿ 2020ರ ಲಾಕ್‌ಡೌನಿನಿಂದ ಧೂಳು ತಿನ್ನುತ್ತಾ ನಿಂತಿದ್ದ 1980ರ ಮಾರ್ಕ್ ಫೋರ್ ಅಂಬಾಸಡರ್ ಗುಜರಿಗೆ ಹೋಗುವುದು ತಪ್ಪಿ ಗ್ಯಾರೇಜಿಗೆ ಹೋಯಿತು. ಹೋದದ್ದು ಓಡಿಕೊಂಡಲ್ಲ, ಹಗ್ಗ ಕಟ್ಟಿಸಿಕೊಂಡು.

ಈಗ ಅದರ ಎಂಜಿನ್ ಕಟ್ಟಿ ಮುಗಿದಿದೆ. ಪೇಟೆಯಲ್ಲಿ ನಾಲ್ಕು ಜನ ನೋಡಿ 'ಭಲೇ' ಎಂದಿದ್ದಾರೆ. ಆದರೆ ಅಸಲಿ ಕಥೆ ಶುರುವಾಗುವುದೇ ಇಲ್ಲಿಂದ. ಹಳೇ ಕಾರು ಇಟ್ಟವರಲ್ಲಿ ಎಷ್ಟೋ ಜನ ಸಾವಿರಾರು ರೂಪಾಯಿ ಸುರಿದು ಎಂಜಿನ್ ಕಟ್ಟಿಸುತ್ತಾರೆ, ಒಂದು ತೆಂಗಿನಕಾಯಿ ಒಡೆಯುತ್ತಾರೆ, ಎರಡು ತಿಂಗಳಲ್ಲಿ ಕಾರು ಮತ್ತೆ ಅದೇ ಶೆಡ್ಡು ಸೇರುತ್ತದೆ. ಕಾರಣ ಏನು? ಎಂಜಿನ್ ಕಟ್ಟುವುದು ಅರ್ಧ ಕೆಲಸ ಮಾತ್ರ. ಉಳಿದರ್ಧ ಬ್ರೇಕು, ಪೆಟ್ರೋಲು, ಕಾಗದ ಮತ್ತು ತಾಳ್ಮೆ. ಆ ಉಳಿದರ್ಧದ ಬಗ್ಗೆ ಯಾರೂ ಮೊದಲೇ ಹೇಳುವುದಿಲ್ಲ.

ಬೋರಿಗೆ ಬಂದ ಎಂಜಿನ್

ಅಂಬಾಸಡರ್ ಯಾರಿಗೆ ಗೊತ್ತಿಲ್ಲ? ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್ ಮೂರನೇ ಸರಣಿಯ ಅಚ್ಚಿನಿಂದ ಬಂದ ಗಾಡಿ. ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿ ಹಿಂದೂಸ್ತಾನ್ ಮೋಟಾರ್ಸ್‌ನವರು 1958ರಿಂದ 2014ರ ಮೇ ತಿಂಗಳವರೆಗೆ ಕಟ್ಟಿದರು. ಮಂತ್ರಿಗಳಿಂದ ಹಿಡಿದು ಟ್ಯಾಕ್ಸಿಯವರ ತನಕ ಎಲ್ಲರೂ ಅದರಲ್ಲೇ ಕೂತವರು. ನಮ್ಮ ಸಾಹುಕಾರರ ಕಾರಿನಲ್ಲಿರುವುದು 1489 ಸಿ.ಸಿ.ಯ ಪೆಟ್ರೋಲ್ ಎಂಜಿನ್. ನಾಲ್ಕು ಸಿಲಿಂಡರು, ಎರಕದ ಕಬ್ಬಿಣದ ಬ್ಲಾಕು, ಎರಕದ ಕಬ್ಬಿಣದ್ದೇ ಹೆಡ್ಡು. ಭಾರ ಜಾಸ್ತಿ, ಓಟ ಕಡಿಮೆ. ಆದರೆ ಎಷ್ಟು ಸಲ ಬಿಚ್ಚಿದರೂ ಮತ್ತೆ ಕಟ್ಟಬಹುದು.

ಅದು ಸೀಜ್ ಆದದ್ದು ಓಡಿಯಲ್ಲ, ನಿಂತು. ಹೆಡ್ ಗ್ಯಾಸ್ಕೆಟ್ಟು ಹಿಂದೆಯೇ ಸಣ್ಣಗೆ ಸೋರುತ್ತಿತ್ತಂತೆ. ಗಾಡಿ ಓಡುತ್ತಿದ್ದಾಗ ಲೆಕ್ಕಕ್ಕೆ ಬರಲಿಲ್ಲ. ನಿಂತ ಮೇಲೆ ನೀರು ಹನಿಹನಿಯಾಗಿ ಎರಡು ಸಿಲಿಂಡರಿಗೆ ಇಳಿಯಿತು. ಮೇಲಿಂದ ನಮ್ಮ ಮಳೆಗಾಲದ ತೇವ. ಪಿಸ್ಟನ್ ರಿಂಗುಗಳು ತುಕ್ಕು ಹಿಡಿದು ಗೋಡೆಗೆ ಕಚ್ಚಿಕೊಂಡವು.

'ಓಡೋ ಗಾಡಿ ಸಾಯಲ್ಲ ಸಾಹುಕಾರ್ರೇ, ನಿಲ್ಸಿದ ಗಾಡಿನೇ ಸಾಯೋದು. ತಿಂಗಳಿಗೊಂದ್ಸಲ ಸ್ಟಾರ್ಟ್ ಮಾಡಿ ನಾಲ್ಕು ಮೈಲಿ ತಿರುಗಿಸಿದ್ರೆ ಈ ಗತಿ ಬರ್ತಿತ್ತಾ?' ಎಂದು ಸಾಗರ ರಸ್ತೆ ಕಡೆಯ ಹಳೇ ಮೇಸ್ತ್ರಿ ಮೊದಲ ದಿನವೇ ಬೈದರು. ಎಪ್ಪತ್ತು ದಾಟಿದ ಮೇಸ್ತ್ರಿಯ ಬೈಗುಳವನ್ನು ಸಾಹುಕಾರರು ತಲೆ ತಗ್ಗಿಸಿ ಕೇಳಿಸಿಕೊಂಡರು.

ಪ್ಲಗ್ಗು ತೆಗೆದು, ತುಕ್ಕು ಬಿಡಿಸುವ ಎಣ್ಣೆ ಹುಯ್ದು, ಒಂದು ವಾರ ನೆನೆಯಲು ಬಿಟ್ಟ ಮೇಲೆ ಕ್ರ್ಯಾಂಕು ಅಲುಗಿತು. ಎಂಜಿನ್ ಇಳಿಸಿ ಅಳೆದರೆ ಸಿಲಿಂಡರಿನ ಮೇಲ್ಭಾಗದಲ್ಲಿ ಉಗುರಿಗೆ ಸಿಗುವಂಥ ಅಂಚು. ರಿಂಗು ಉಜ್ಜಿ ಉಜ್ಜಿ ಗೋಡೆ ಸವೆದು, ರಿಂಗು ಮುಟ್ಟದ ಜಾಗ ಹಾಗೇ ಉಳಿದಾಗ ಆಗುವ ಅಂಚು ಅದು. ಗ್ಯಾರೇಜಿನ ಭಾಷೆಯಲ್ಲಿ 'ಎಂಜಿನ್ ಬೋರಿಗೆ ಬಂದಿದೆ' ಎಂದರೆ ಇದೇ.

ಇಂಚಿನ ಸಾವಿರದಲ್ಲಿ ಒಂದು ಭಾಗಕ್ಕೆ ಲೇತಿನವರು 'ಥೌ' ಎನ್ನುತ್ತಾರೆ. ಇಪ್ಪತ್ತು ಥೌ ಎಂದರೆ ಸುಮಾರು ಅರ್ಧ ಮಿಲಿಮೀಟರು. ಮೊದಲ ಸಲ ಬೋರು ಹೊಡೆದರೆ ಇಪ್ಪತ್ತು, ಆಮೇಲೆ ನಲವತ್ತು, ಕೊನೆಗೆ ಅರವತ್ತು. ಈ ಕಾರು ಸಾಹುಕಾರರ ತಂದೆಯ ಕಾಲದಲ್ಲೇ ಒಂದು ಸಲ ಇಪ್ಪತ್ತಕ್ಕೆ ಹೋಗಿತ್ತು. ಈಗ ನಲವತ್ತು. ಅಂದರೆ ಇನ್ನೊಂದು ಸಲಕ್ಕೆ ಜಾಗ ಉಳಿದಿದೆ.

ಇಲ್ಲಿ ಜನ ಮಾಡುವ ಮೊದಲ ತಪ್ಪು ಅವಸರ. ಪಿಸ್ಟನ್ ಸಿಗುವ ಮುಂಚೆಯೇ ಬೋರು ಹೊಡೆಸಿಬಿಡುತ್ತಾರೆ. ಆಮೇಲೆ ಆ ಅಳತೆಯ ಪಿಸ್ಟನ್ ಊರೆಲ್ಲಾ ಹುಡುಕಿದರೂ ಸಿಗುವುದಿಲ್ಲ. ಬ್ಲಾಕು ಕೆಟ್ಟಿತು. ಪಿಸ್ಟನ್ ಸೆಟ್ಟು ಕೈಗೆ ಬಂದ ಮೇಲೆ, ಅದನ್ನೇ ಅಳೆದು, ಅದಕ್ಕೆ ತಕ್ಕ ಸಂದು ಬಿಟ್ಟು ಬೋರು ಹೊಡೆಯಬೇಕು. ಈ ಕಾರಿನ ಪಿಸ್ಟನ್ ಬರುವುದಕ್ಕೇ ಎರಡು ತಿಂಗಳು ಹಿಡಿಯಿತು. ಅಲ್ಲಿಯವರೆಗೆ ಬ್ಲಾಕು ಗೋಣಿಚೀಲ ಹೊದ್ದು ಮೂಲೆಯಲ್ಲಿ ಕೂತಿತ್ತು.

ಕ್ರ್ಯಾಂಕು ಗ್ರೈಂಡಿಂಗ್ ಆಗಿ ಬಂದ ದಿನ ನಡೆದ ಒಂದು ಸಂಗತಿ ಹೇಳಲೇಬೇಕು. ಅಂಗಡಿಯಿಂದ ಕ್ರ್ಯಾಂಕು ಫಳಫಳ ಹೊಳೆಯುತ್ತಾ ಬಂತು. ಸಾಹುಕಾರರು 'ಇನ್ನೇನು, ಕೂರಿಸಿಬಿಡಿ' ಎಂದರು. ಮೇಸ್ತ್ರಿ ಕೇಳಲಿಲ್ಲ. ಕ್ರ್ಯಾಂಕಿನೊಳಗೆ ಆಯಿಲ್ ಹೋಗಲು ಸಣ್ಣ ಸಣ್ಣ ತೂತುಗಳಿರುತ್ತವೆ. ಅದರೊಳಗೆ ತಂತಿ ತೂರಿಸಿ, ಸೀಮೆಎಣ್ಣೆ ಹೊಡೆದು, ಬಿಳಿ ಬಟ್ಟೆಯ ಮೇಲೆ ಸುರಿದರು. ಬೂದುಬಣ್ಣದ ಪುಡಿ ಬಿತ್ತು. ಗ್ರೈಂಡಿಂಗ್ ಕಲ್ಲಿನ ಪುಡಿ. ಅದು ಒಳಗೇ ಉಳಿದಿದ್ದರೆ ಹೊಸ ಬೇರಿಂಗ್ ಶೆಲ್ಲುಗಳನ್ನು ಮರಳುಕಾಗದದಂತೆ ಉಜ್ಜಿ ಹಾಕುತ್ತಿತ್ತು. ಚಿಟಿಕೆ ಪುಡಿ, ಆದರೆ ಇಡೀ ಖರ್ಚನ್ನು ನುಂಗುವಷ್ಟಿತ್ತು.

ಸೀಸ ಹೋಯಿತು, ಎಥನಾಲ್ ಬಂತು

1980ರಲ್ಲಿ ಈ ಕಾರು ಕುಡಿದ ಪೆಟ್ರೋಲೇ ಬೇರೆ, ಇವತ್ತು ಬಂಕಿನಲ್ಲಿ ಸಿಗುವ ಪೆಟ್ರೋಲೇ ಬೇರೆ. ಎಂಜಿನ್ ಕಟ್ಟುವಾಗ ಇದನ್ನು ಮರೆತವರು ಆಮೇಲೆ ಪರದಾಡುತ್ತಾರೆ.

ಆಗಿನ ಪೆಟ್ರೋಲಿನಲ್ಲಿ ಸೀಸ ಬೆರೆಸುತ್ತಿದ್ದರು. ಮನುಷ್ಯನಿಗೆ ಅದು ವಿಷ, ಆದರೆ ಹಳೇ ಎಂಜಿನ್ನಿನ ವಾಲ್ವಿಗೆ ಮೆತ್ತೆ. ಎಕ್ಸಾಸ್ಟ್ ವಾಲ್ವು ಕಾದು ಕೆಂಪಾಗಿ ಎರಕದ ಕಬ್ಬಿಣದ ಸೀಟಿಗೆ ಬಡಿಯುವಾಗ ನಡುವೆ ಸೀಸದ ತೆಳು ಪದರ ಇರುತ್ತಿತ್ತು. 2000ದ ಫೆಬ್ರವರಿ 1ರಿಂದ ದೇಶದಾದ್ಯಂತ ಸೀಸದ ಪೆಟ್ರೋಲು ನಿಂತಿತು. ಒಳ್ಳೆಯದೇ ಆಯಿತು, ಮಕ್ಕಳ ರಕ್ತಕ್ಕೆ ಸೀಸ ಸೇರುವುದು ತಪ್ಪಿತು. ಆದರೆ ಹಳೇ ಹೆಡ್ಡಿನ ವಾಲ್ವು ಸೀಟುಗಳು ಮೆಲ್ಲಗೆ ಸವೆದು ಒಳಕ್ಕೆ ಇಳಿಯತೊಡಗಿದವು. ಟ್ಯಾಪೆಟ್ ಸಂದು ಮುಚ್ಚಿಹೋಗಿ, ವಾಲ್ವು ಪೂರ್ತಿ ಕೂರದೆ, ಕೊನೆಗೆ ಸುಟ್ಟುಹೋಗುತ್ತದೆ. ಇದಕ್ಕೆ ಮದ್ದು ಎಂದರೆ ಹೆಡ್ಡು ಬಿಚ್ಚಿದಾಗಲೇ ಗಟ್ಟಿ ಲೋಹದ ಸೀಟುಗಳನ್ನು ಕೂರಿಸುವುದು. ಈ ಕಾರಿಗೆ ಅದನ್ನು ಮಾಡಿಸಿದ್ದಾರೆ.

ಇನ್ನೊಂದು ತಲೆನೋವು ಎಥನಾಲ್. ನೂರಕ್ಕೆ ಇಪ್ಪತ್ತು ಪಾಲು ಎಥನಾಲ್ ಬೆರೆತ ಪೆಟ್ರೋಲಿಗೆ 2023ರ ಫೆಬ್ರವರಿ 6ರಂದು ಚಾಲನೆ ಸಿಕ್ಕಿದ್ದು ನಮ್ಮ ಬೆಂಗಳೂರಿನಲ್ಲೇ. ಕಬ್ಬು ಬೆಳೆಯುವವರಿಗೆ ಲಾಭ ಇರಬಹುದು. ಆದರೆ ಹಳೇ ಕಾರಿನ ರಬ್ಬರಿಗೆ ಅದು ಒಗ್ಗುವುದಿಲ್ಲ. ಪೆಟ್ರೋಲ್ ಪೈಪು ಉಬ್ಬಿ ಮೆತ್ತಗಾಗುತ್ತದೆ, ಪಂಪಿನ ಡಯಾಫ್ರಾಂ ಹಾಳಾಗುತ್ತದೆ, ಕಾರ್ಬುರೇಟರಿನ ವಾಷರುಗಳು ಕುಗ್ಗುತ್ತವೆ. ಎಥನಾಲ್ ಗಾಳಿಯ ನೀರನ್ನೂ ಎಳೆದುಕೊಳ್ಳುತ್ತದೆ. ಗಾಡಿ ತಿಂಗಳುಗಟ್ಟಲೆ ನಿಂತರೆ ಟ್ಯಾಂಕಿನ ತಳದಲ್ಲಿ ನೀರು, ಅದರಿಂದ ತುಕ್ಕು.

ಹಾಗಂತ ಹಳೇ ಗಾಡಿ ಓಡುವುದೇ ಇಲ್ಲ ಎಂದಲ್ಲ. ಎಥನಾಲ್ ತಡೆಯುವ ಹೊಸ ಪೈಪು ಹಾಕಬೇಕು, ಟ್ಯಾಂಕು ಇಳಿಸಿ ತೊಳೆಯಬೇಕು, ನಡುವೆ ಒಂದು ಫಿಲ್ಟರ್ ಕೂರಿಸಬೇಕು. ಎಥನಾಲಿಗೆ ಗಾಳಿ-ಪೆಟ್ರೋಲಿನ ಮಿಶ್ರಣ ತೆಳುವಾಗುವುದರಿಂದ ಕಾರ್ಬುರೇಟರನ್ನು ಒಂಚೂರು ದಪ್ಪಕ್ಕೆ ಹೊಂದಿಸಬೇಕು. ತೆಳು ಮಿಶ್ರಣದಲ್ಲಿ ಓಡಿದರೆ ಹೊಸ ಎಂಜಿನ್ ವಿಪರೀತ ಕಾಯುತ್ತದೆ. ಪೈಪಿಗೆ ಆಗುವ ಖರ್ಚು ಅಲ್ಪ. ಹಾಕದೆ ಬಿಟ್ಟರೆ ಬಿಸಿ ಎಂಜಿನ್ನಿನ ಮೇಲೆ ಪೆಟ್ರೋಲು ತೊಟ್ಟಿಕ್ಕುತ್ತದೆ. ಆಮೇಲೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಮೊದಲ ಇಪ್ಪತ್ತು ನಿಮಿಷ

ಎಂಜಿನ್ ಕಾರಿನೊಳಗೆ ಕೂತಿತು. ಒಳ್ಳೆಯ ದಿನ ನೋಡಿ ಸೆಲ್ಫ್ ಹೊಡೆಯುವುದು ಎಂದಾಯಿತು. ಸಾಹುಕಾರರು ಹೂವು, ನಿಂಬೆಹಣ್ಣು ತಂದರು. ಮೇಸ್ತ್ರಿ ನಾಲ್ಕೂ ಪ್ಲಗ್ಗು ಬಿಚ್ಚಿ ಬೆಂಚಿನ ಮೇಲಿಟ್ಟರು.

'ಇದೇನ್ ಮೇಸ್ತ್ರಿ, ಪ್ಲಗ್ ಇಲ್ದೇ ಹ್ಯಾಗ್ ಸ್ಟಾರ್ಟ್ ಆಗುತ್ತೆ?'

'ಸ್ಟಾರ್ಟ್ ಆಗಬಾರ್ದು ಅಂತಾನೇ ತೆಗ್ದಿದ್ದು. ಮೊದ್ಲು ಆಯಿಲ್ ಮೇಲಕ್ಕೆ ಹತ್ಲಿ ತಡೀರಿ.'

ಹೊಸದಾಗಿ ಕಟ್ಟಿದ ಎಂಜಿನ್ನಿನ ಆಯಿಲ್ ದಾರಿಗಳೆಲ್ಲ ಖಾಲಿ. ಹಾಗೇ ಸ್ಟಾರ್ಟ್ ಮಾಡಿದರೆ ಆಯಿಲ್ ತಲುಪುವ ಮುಂಚೆ ಬೇರಿಂಗುಗಳು ಒಣಗಿದ ಲೋಹದ ಮೇಲೆ ತಿರುಗುತ್ತವೆ. ಪ್ಲಗ್ಗು ತೆಗೆದರೆ ಎಂಜಿನ್ ಹಗುರವಾಗಿ ಸುತ್ತುತ್ತದೆ, ಭಾರ ಬೀಳುವುದಿಲ್ಲ. ಬಿಟ್ಟು ಬಿಟ್ಟು ಸೆಲ್ಫ್ ಹೊಡೆದರು. ರಾಕರ್ ಕವರು ತೆಗೆದು ನೋಡುತ್ತಿದ್ದ ಹುಡುಗ 'ಬಂತು ಬಂತು' ಎಂದ. ರಾಕರಿನ ಮೇಲೆ ಆಯಿಲ್ ಜಿನುಗಿತ್ತು. ಆಮೇಲೆ ಪ್ಲಗ್ಗು ಹಾಕಿದರು.

ಮೊದಲ ಪ್ರಯತ್ನಕ್ಕೆ ಕಾರ್ಬುರೇಟರಿನಿಂದ ಢಮ್ಮೆಂದು ಸದ್ದು ಬಂತು. ಪಕ್ಕದ ಪಂಚರ್ ಅಂಗಡಿಯವನು ಓಡಿ ಬಂದ. ಮೇಸ್ತ್ರಿ ನಕ್ಕರು. ಒಂದು, ಮೂರು, ನಾಲ್ಕು, ಎರಡು, ಇದು ಈ ಎಂಜಿನ್ನಿನಲ್ಲಿ ಕಿಡಿ ಹಾರುವ ಸರದಿ. ಸರದಿ ಸರಿಯಾಗೇ ಇತ್ತು, ಆದರೆ ಡಿಸ್ಟ್ರಿಬ್ಯೂಟರು ಅರ್ಧ ಸುತ್ತು ಉಲ್ಟಾ ಕೂತಿತ್ತು. ಒಂದನೇ ಸಿಲಿಂಡರಿಗೆ ಹೋಗಬೇಕಾದ ಕಿಡಿ ನಾಲ್ಕನೆಯದಕ್ಕೆ ಹೋಗುತ್ತಿತ್ತು. ವೈರುಗಳನ್ನು ಅದಲು ಬದಲು ಮಾಡಿದ್ದೇ ತಡ, ಐದು ವರ್ಷಕ್ಕೂ ಮೇಲೆ ಸುಮ್ಮನಿದ್ದ ಅಂಬಾಸಡರ್ ಗುರ್ರೆಂದಿತು.

ಸಾಹುಕಾರರು ಖುಷಿಗೆ 'ಸಾಕು ಆಫ್ ಮಾಡಿ, ಮನೆಯವರ್ನ ಕರ್ಕೊಂಡ್ ಬರ್ತೀನಿ' ಎಂದರು. ಮೇಸ್ತ್ರಿ ಆಫ್ ಮಾಡಲು ಬಿಡಲಿಲ್ಲ. ಹೊಸ ಟ್ಯಾಪೆಟ್ಟು ಹಾಕಿದ ಎಂಜಿನ್ನಿಗೆ ಮೊದಲ ಇಪ್ಪತ್ತು ನಿಮಿಷವೇ ಆಯುಷ್ಯ ಬರೆಯುವ ಹೊತ್ತು. ಕ್ಯಾಮಿನ ಮೇಲೆ ಟ್ಯಾಪೆಟ್ಟು ಉಜ್ಜಿ ಪರಸ್ಪರ ಪಳಗಬೇಕು. ನಿಧಾನ ಐಡಲ್ಲಿನಲ್ಲಿ ಕ್ಯಾಮಿಗೆ ಆಯಿಲ್ ಚಿಮ್ಮುವುದು ಸಾಲದು. ಆದ್ದರಿಂದ ನಿಮಿಷಕ್ಕೆ ಸುಮಾರು ಎರಡು ಸಾವಿರ ಸುತ್ತಿನ ವೇಗದಲ್ಲಿ, ಸ್ವಲ್ಪ ಹೆಚ್ಚು ಕಡಿಮೆ ಮಾಡುತ್ತಾ, ನಿಲ್ಲಿಸದೆ ಓಡಿಸಬೇಕು. ಸುತ್ತು ತೋರಿಸುವ ಮೀಟರು ಈ ಕಾರಿನಲ್ಲಿಲ್ಲ. ಮೇಸ್ತ್ರಿಯ ಕಿವಿಯೇ ಮೀಟರು.

ಆಯಿಲಿನ ವಿಷಯವೂ ಅಷ್ಟೇ. ಇಂದಿನ ಕಾರಿಗೆ ಹಾಕುವ ನೀರಿನಂಥ ತೆಳು ಆಯಿಲ್ ಇದಕ್ಕೆ ಆಗಿಬರುವುದಿಲ್ಲ. ಹಳೆಯ 20ಡಬ್ಲ್ಯು-50 ದಪ್ಪ ಆಯಿಲೇ ಬೇಕು. ಅದರಲ್ಲಿ ಸತುವಿನ ಅಂಶ ಸಾಕಷ್ಟು ಇರಬೇಕು, ಟ್ಯಾಪೆಟ್ಟನ್ನು ಸವೆಯದಂತೆ ಕಾಯುವುದು ಅದೇ. ಡಬ್ಬದ ಬೆಲೆ ನೋಡಿ ಕೊಳ್ಳಬೇಡಿ, ಡಬ್ಬದ ಮೇಲಿನ ಬರಹ ನೋಡಿ ಕೊಳ್ಳಿ.

ಓಡೋದಕ್ಕಿಂತ ಮೊದ್ಲು ನಿಲ್ಲೋದು ಕಲೀಲಿ

ಎಂಜಿನ್ ಸ್ಟಾರ್ಟ್ ಆದ ಸಂಜೆಯೇ ನೆಹರೂ ರಸ್ತೆಯಲ್ಲಿ ಒಂದು ಸುತ್ತು ಹೊಡೆಯಬೇಕೆಂದು ಸಾಹುಕಾರರ ಮಗನಿಗೆ ಆಸೆ. ಮೇಸ್ತ್ರಿ ಕೀಲಿ ಜೇಬಿಗೆ ಹಾಕಿಕೊಂಡರು.

1980ರ ಈ ಗಾಡಿಗೆ ನಾಲ್ಕೂ ಚಕ್ರಕ್ಕೆ ಡ್ರಂ ಬ್ರೇಕು. ಐದು ವರ್ಷ ನಿಂತ ಗಾಡಿಯ ಬ್ರೇಕ್ ಆಯಿಲ್ ಗಾಳಿಯ ತೇವ ಕುಡಿದಿರುತ್ತದೆ. ಚಕ್ರದ ಸಿಲಿಂಡರುಗಳ ಒಳಗೆ ತುಕ್ಕು, ರಬ್ಬರ್ ಬಕೆಟ್ಟುಗಳು ಒಣಗಿ ಗಟ್ಟಿ. ಬಿಚ್ಚಿ ನೋಡಿದಾಗ ಹಿಂದಿನ ಒಂದು ಚಕ್ರದ ಸಿಲಿಂಡರು ಪೂರಾ ಕಚ್ಚಿಕೊಂಡಿತ್ತು. ಒಂದು ಕಡೆ ಬ್ರೇಕು ಹಿಡಿದು ಇನ್ನೊಂದು ಕಡೆ ಹಿಡಿಯದಿದ್ದರೆ ಗಾಡಿ ಪಕ್ಕಕ್ಕೆ ಎಳೆಯುತ್ತದೆ. ಬಸ್‌ಸ್ಟ್ಯಾಂಡ್ ಮುಂದೆ ಜನ ರಸ್ತೆ ದಾಟುವ ಹೊತ್ತಿನಲ್ಲಿ ಹೀಗಾದರೆ ಹೊಸ ಪಿಸ್ಟನ್ ಯಾರ ಪ್ರಾಣ ಉಳಿಸೀತು?

ಟೈರಿನದೂ ಅದೇ ಕಥೆ. 5.90-15 ಅಳತೆಯ ಟೈರಿನ ಹಲ್ಲು ಚೆನ್ನಾಗಿಯೇ ಕಾಣುತ್ತಿತ್ತು. ಪಕ್ಕದ ಗೋಡೆ ಬಗ್ಗಿಸಿ ನೋಡಿದರೆ ಕೆರೆ ಬತ್ತಿದಂತೆ ಬಿರುಕು. ಹಲ್ಲು ಇದ್ದ ಮಾತ್ರಕ್ಕೆ ಟೈರು ಗಟ್ಟಿ ಎಂದಲ್ಲ. ನಾಲ್ಕು ಟೈರು ಮತ್ತು ಸ್ಟೆಪ್ನಿ ಬದಲಾಯಿತು. ರೇಡಿಯೇಟರು ತೊಳೆಸಿ, ನೀರಿನ ಪಂಪು ನೋಡಿ, ಫ್ಯಾನ್ ಬೆಲ್ಟು ಹೊಸದು ಹಾಕಿದರು. ಹೊಸದಾಗಿ ಬೋರಾದ ಎಂಜಿನ್ ಬಿಗಿ ಇರುತ್ತದೆ, ಹೆಚ್ಚು ಕಾಯುತ್ತದೆ. ಹಳೇ ರೇಡಿಯೇಟರಿನ ಅರ್ಧ ಕಟ್ಟಿಕೊಂಡ ಪೈಪುಗಳು ಅದನ್ನು ತಡೆಯಲಾರವು.

ಕಾಗದ ಎಲ್ಲಿ ಸ್ವಾಮಿ?

ಅಂಗಡಿ ಕಟ್ಟೆಗಳಲ್ಲಿ ಒಂದು ಮಾತು ಓಡಾಡುತ್ತಿದೆ. '15 ವರ್ಷ ಆದ ಗಾಡಿನ ಸರ್ಕಾರ ಹಿಡ್ಕೊಂಡ್ ಹೋಗಿ ಗುಜರಿಗೆ ಹಾಕುತ್ತಂತೆ' ಎಂದು. ಇದು ಅರೆಬೆಂದ ಸುದ್ದಿ. 10 ವರ್ಷದ ಡೀಸೆಲ್, 15 ವರ್ಷದ ಪೆಟ್ರೋಲ್ ಗಾಡಿಗಳ ಬಗ್ಗೆ ಸುಪ್ರೀಂ ಕೋರ್ಟಿನ 2018ರ ಆದೇಶ ದೆಹಲಿ ಮತ್ತು ಅದರ ಸುತ್ತಲಿನ ರಾಜಧಾನಿ ವಲಯದ್ದು. ನಮ್ಮಲ್ಲಿ ಖಾಸಗಿ ಕಾರಿನ ನೋಂದಣಿ 15 ವರ್ಷ ಇರುತ್ತದೆ, ಆಮೇಲೆ ತಪಾಸಣೆ ಪಾಸಾದರೆ ಐದೈದು ವರ್ಷಕ್ಕೆ ನವೀಕರಣ. ಸಾಹುಕಾರರ ಕಾರು 1995ರಲ್ಲಿ ಮೊದಲ ನವೀಕರಣ ಮಾಡಿಸಿಕೊಂಡು, ಐದೈದರಂತೆ 2020ರವರೆಗೆ ಬಂದಿತ್ತು. ಅಲ್ಲಿಗೆ ಗಾಡಿಯೂ ನಿಂತಿತು, ಆರ್.ಸಿ.ಯೂ ನಿಂತಿತು.

ಗಾಡಿ ಶೆಡ್ಡಿನಲ್ಲಿದ್ದರೆ ನವೀಕರಣ ಯಾಕೆ ಎಂದು ಬಿಟ್ಟದ್ದೇ ಪೆಟ್ಟಾಯಿತು. ಕಾರಿನ ನವೀಕರಣ ಶುಲ್ಕ ಹಿಂದೆ 600 ರೂಪಾಯಿ ಇತ್ತು. 2022ರ ಏಪ್ರಿಲ್ 1ರಿಂದ 5,000 ಆಯಿತು. 2025ರ ಆಗಸ್ಟಿನಲ್ಲಿ 20 ವರ್ಷ ದಾಟಿದ ಕಾರಿಗೆ 10,000 ಮಾಡಿದರು. ಇದರ ಮೇಲೆ ತಡವಾದ ಪ್ರತಿ ತಿಂಗಳಿಗೆ 500 ರೂಪಾಯಿ. ಅಂದರೆ ಎರಡು ವರ್ಷ ಸುಮ್ಮನೆ ಕೂತರೆ ದಂಡವೇ 12,000. ರಾಜ್ಯದ ಹಸಿರು ತೆರಿಗೆ ಬೇರೆ. ವಿಮೆ ಬೇರೆ, ಹೊಗೆ ತಪಾಸಣೆ ಬೇರೆ. ದಿನದ ಗಲ್ಲಾ ಎಣಿಸುವ ವ್ಯಾಪಾರಸ್ಥರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಿಲ್ಲ. ಹಳೇ ಗಾಡಿ ಇಟ್ಟವರು ಇವತ್ತೇ ಬೀರು ತೆಗೆದು ಆರ್.ಸಿ. ತಾರೀಕು ನೋಡುವುದು ಲೇಸು. ಅವಧಿ ಮುಗಿಯುವ 60 ದಿನದ ಒಳಗೇ ಅರ್ಜಿ ಹಾಕಬಹುದು.

ಇನ್ನೊಂದು ಸೂಕ್ಷ್ಮ ಇದೆ. ಎಂಜಿನ್ ಕಟ್ಟಿಸುವುದು ಬೇರೆ, ಎಂಜಿನ್ ಬದಲಿಸುವುದು ಬೇರೆ. ಬೋರು ಹೊಡೆಸಿ ಪಿಸ್ಟನ್ ಹಾಕಿದರೆ ಬ್ಲಾಕು ಅದೇ, ನಂಬರೂ ಅದೇ. ಆರ್.ಸಿ.ಗೆ ತಾಳೆಯಾಗುತ್ತದೆ. ಆದರೆ ಕೆಲವು ಕಡೆ 'ಹಳೇ ಬ್ಲಾಕು ಯಾಕೆ, ಬೇರೆ ರೆಡಿ ಇದೆ' ಎಂದು ಇಡೀ ಎಂಜಿನ್ನನ್ನೇ ಬದಲಿಸಿಬಿಡುತ್ತಾರೆ. ಹಿಂದೆ ಅಂಬಾಸಡರಿಗೆ ಮೆಟಡೋರ್ ಡೀಸೆಲ್ ಎಂಜಿನ್ ಹಾಕಿಸಿಕೊಂಡು ಓಡಾಡಿದವರೂ ಉಂಟು. ಅಂಥ ಬದಲಾವಣೆಗೆ ಆರ್.ಟಿ.ಓ. ಅನುಮತಿ ಬೇಕು, ಆರ್.ಸಿ.ಯಲ್ಲಿ ಬರೆಸಬೇಕು. ಇಲ್ಲವಾದರೆ ತಪಾಸಣೆಯ ದಿನ ಇನ್ಸ್‌ಪೆಕ್ಟರು ನಂಬರು ನೋಡಿ ಕಾಗದ ವಾಪಸ್ ಕೊಡುತ್ತಾರೆ. ಅಪಘಾತವಾದರೆ ವಿಮೆಯವರೂ ತಗಾದೆ ತೆಗೆಯಬಹುದು.

50 ವರ್ಷ ದಾಟಿದ ಗಾಡಿಗಳಿಗೆ 2021ರ ಜುಲೈನಲ್ಲಿ ವಿಂಟೇಜ್ ನಿಯಮ ಬಂದಿದೆ. 'ವಿ.ಎ.' ಅಕ್ಷರದ ಬೇರೆ ನಂಬರು, 20,000 ರೂಪಾಯಿ ಶುಲ್ಕ, 10 ವರ್ಷದ ನೋಂದಣಿ. ಕೇಳಲು ಚೆನ್ನ. ಆದರೆ ಅಂಥ ಗಾಡಿಯನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಮೇಳ, ಪ್ರದರ್ಶನ, ರ್‍ಯಾಲಿಗೆ ಮಾತ್ರ. ಗಾಂಧಿ ಬಜಾರಿಗೆ ತರಕಾರಿ ತರಲು ಹೋಗುವವರಿಗೆ ಅದು ಒಗ್ಗದು. ಈ ಕಾರಿಗಂತೂ 2030ರವರೆಗೆ ಆ ಮಾತೇ ಇಲ್ಲ.

ಆರ್.ಸಿ. ಇಲ್ಲದೆ ರಸ್ತೆಗೆ ಇಳಿಸುವಂತಿಲ್ಲವಾದ್ದರಿಂದ ತಪಾಸಣೆಗೂ ಕಾರನ್ನು ಲಾರಿಯ ಮೇಲೆ ಹೇರಿಕೊಂಡೇ ಒಯ್ದರು. ನೋಡಿದವರು ನಕ್ಕರು. ಚಾಸಿ ನಂಬರಿನ ಪೆನ್ಸಿಲ್ ಪ್ರಿಂಟು, ಎಂಜಿನ್ ನಂಬರು, ಲೈಟು, ಹಾರನ್ನು, ಬ್ರೇಕು ಎಲ್ಲ ನೋಡಿದ್ದಾಯಿತು. ಒಂದು ಇಂಡಿಕೇಟರ್ ಕೆಲಸ ಮಾಡಲಿಲ್ಲ. ಮರುದಿನ ಮತ್ತೆ ಲಾರಿ ಬಾಡಿಗೆ. ಎರಡನೇ ಸಲಕ್ಕೆ ಪಾಸಾಯಿತು. ಒಂದು ಬಲ್ಬನ್ನು ಹಿಂದಿನ ರಾತ್ರಿಯೇ ನೋಡಿದ್ದರೆ ಒಂದು ಬಾಡಿಗೆ ಉಳಿಯುತ್ತಿತ್ತು.

ಸಾವಿರ ಕಿಲೋಮೀಟರಿನ ವ್ರತ

ಕಾಗದ ಕೈಗೆ ಬಂದ ಮೇಲೆ ಸಾಹುಕಾರರ ಮನೆಯಲ್ಲಿ ಧರ್ಮಸ್ಥಳದ ಮಾತು ಎದ್ದಿತು. ಮೇಸ್ತ್ರಿ ಆಗ ಒಂದು ಹಳೇ ಕಥೆ ಹೇಳಿದರು. ಹಿಂದೆ ಒಬ್ಬರು ಎಂಜಿನ್ ಕಟ್ಟಿಸಿದ ಮೂರನೇ ದಿನವೇ ಮದುವೆ ದಿಬ್ಬಣಕ್ಕೆಂದು ಉಡುಪಿ ಕಡೆ ಹೋದರು. ಇಳಿಯುವಾಗ ಏನೂ ಆಗಲಿಲ್ಲ. ವಾಪಸ್ ಬರುವಾಗ ಒಳಗೆ ಏಳು ಜನ, ಮೇಲೆ ಕ್ಯಾರಿಯರ್ ತುಂಬ ಸಾಮಾನು. ಆಗುಂಬೆ ಘಾಟಿಯ 14 ತಿರುವಿನಲ್ಲಿ ಅರ್ಧ ಹತ್ತುವಷ್ಟರಲ್ಲಿ ಎಂಜಿನ್ ಬಿಗಿದುಕೊಂಡಿತು. ಹೊಸ ಪಿಸ್ಟನ್ ಕಾದು ಉಬ್ಬಿ, ಹೊಸ ಬೋರನ್ನೇ ಗೀರಿಬಿಟ್ಟಿತ್ತು. ಮದುಮಗಳು ಬಸ್ಸು ಹತ್ತಿ ಮನೆ ಸೇರಿದಳು. ಕಾರು ಮತ್ತೆ ಬೋರಿಗೆ ಬಂತು.

'ಮಗು ಅಂಬೆಗಾಲಿಡೋವಾಗ್ಲೇ ಓಟದ ಪಂದ್ಯಕ್ಕೆ ಬಿಟ್ರೆ ಹ್ಯಾಗೆ? ಸಾವಿರ ಕಿಲೋಮೀಟರ್ ತಾಳಿ. ಆಮೇಲೆ ಕಾಶಿಗ್ ಬೇಕಾದ್ರೂ ಹೋಗಿ' ಎಂದರು ಮೇಸ್ತ್ರಿ.

ಹೊಸ ರಿಂಗಿನ ಅಂಚೂ ಹೊಸ ಬೋರಿನ ಗೋಡೆಯೂ ಕಣ್ಣಿಗೆ ನುಣುಪು ಕಂಡರೂ ನಿಜಕ್ಕೂ ತರಿ. ಹೋನಿಂಗ್ ಕಲ್ಲು ಬೇಕೆಂದೇ ಗೋಡೆಯ ಮೇಲೆ ಜಾಲರಿಯಂಥ ಗೀರು ಬಿಟ್ಟಿರುತ್ತದೆ. ಆಯಿಲ್ ನಿಲ್ಲುವುದು ಆ ಗೀರಿನಲ್ಲೇ. ರಿಂಗು ಅದರ ಮೇಲೆ ಉಜ್ಜಿ ತನ್ನ ಜಾಗ ತಾನು ಮಾಡಿಕೊಳ್ಳಬೇಕು. ತೀರಾ ಜೋರು ಓಡಿಸಿದರೆ ಕಾದು ಕಚ್ಚುತ್ತದೆ. ಹಾಗೆಂದು ಮನೆ ಮುಂದೆ ತಾಸುಗಟ್ಟಲೆ ಐಡಲ್ಲಿನಲ್ಲಿ ಬಿಟ್ಟರೂ ಕೇಡೇ. ಗೋಡೆ ಗಾಜಿನಂತೆ ನುಣುಪಾಗಿ, ರಿಂಗು ಕೂರದೆ, ಜೀವನಪೂರ್ತಿ ಆಯಿಲ್ ಕುಡಿಯುತ್ತದೆ. ಆದ್ದರಿಂದ ಮಧ್ಯದ ದಾರಿ: ಗಂಟೆಗೆ 40ರಿಂದ 50 ಕಿಲೋಮೀಟರ್, ಒಂದೇ ವೇಗದಲ್ಲಿ ಅಲ್ಲ, ಸ್ವಲ್ಪ ಏರಿಸಿ ಸ್ವಲ್ಪ ಇಳಿಸಿ. ಏರಿನಲ್ಲಿ ಟಾಪ್ ಗೇರಿನಲ್ಲಿ ಮುಲುಗಿಸದೆ ಮೊದಲೇ ಗೇರು ಇಳಿಸಬೇಕು. ಭಾರ ಬೇಡ, ಘಾಟಿ ಬೇಡ.

ಭದ್ರಾವತಿಗೆ ಹೋಗಿ ಬಂದರೆ ಸುಮಾರು 40 ಕಿಲೋಮೀಟರ್. ದಿನಕ್ಕೊಂದು ಸಲ ಹೋದರೆ 25 ದಿನಕ್ಕೆ ಸಾವಿರ. ಸಾಹುಕಾರರು ಬೆಳಗ್ಗೆ ಅಂಗಡಿ ತೆಗೆಯುವ ಮುಂಚೆ ಹೊರಡತೊಡಗಿದರು. ಸರ್ಕಾರಿ ಬಸ್ಸು ಹಾರನ್ ಹೊಡೆದು ಹಿಂದೆ ಹಾಕಿತು. ಟ್ರ್ಯಾಕ್ಟರಿನವನೂ ಒಮ್ಮೆ ಹಿಂದೆ ಹಾಕಿದ. ಅವರು ಕೈ ಬೀಸಿ ಸುಮ್ಮನಾದರು. ಮೊದಲ 500 ಕಿಲೋಮೀಟರಿಗೆ ಆಯಿಲ್ ಬದಲಾಯಿತು. ಇಳಿಸಿದ ಆಯಿಲಿನಲ್ಲಿ ಸಣ್ಣಗೆ ಲೋಹದ ಮಿಂಚು. ಪಳಗುವಾಗ ಅಷ್ಟು ಸಹಜ, ಅದಕ್ಕೇ ಬೇಗ ಬದಲಿಸುವುದು. ಹೆಡ್ಡಿನ ನಟ್ಟುಗಳನ್ನು ಟಾರ್ಕ್ ಪಾನಾ ಹಿಡಿದು ಮತ್ತೊಮ್ಮೆ ಬಿಗಿದರು, ಟ್ಯಾಪೆಟ್ ಸಂದು ಮತ್ತೊಮ್ಮೆ ಹಿಡಿದರು. ಹೊಸ ಗ್ಯಾಸ್ಕೆಟ್ಟು ಕಾದು ಕೂತ ಮೇಲೆ ನಟ್ಟು ಸಡಿಲಾಗುತ್ತದೆ. ಬಿಟ್ಟರೆ ಹಿಂದಿನಂತೆಯೇ ನೀರು ಸೋರಿ ಮತ್ತೆ ಅದೇ ಕಥೆ.

ಈಗ ಮೀಟರು 800 ದಾಟಿದೆ. ಮೊದಮೊದಲು ಬರುತ್ತಿದ್ದ ನೀಲಿ ಹೊಗೆ ನಿಂತಿದೆ. ರೇಡಿಯೇಟರಿನ ನೀರು ಕುದಿಯುವುದೂ ನಿಂತಿದೆ. ಧರ್ಮಸ್ಥಳಕ್ಕೆ ಇನ್ನೂ ಐದು ಭದ್ರಾವತಿ ಬಾಕಿ.

ಬೋರಿಂಗ್ ಅಂಗಡಿ ಬಾಗಿಲು

ಇಷ್ಟೆಲ್ಲ ಆದದ್ದು ಒಬ್ಬ ಮೇಸ್ತ್ರಿ ಮತ್ತು ಒಂದು ಬೋರಿಂಗ್ ಅಂಗಡಿಯ ದೆಸೆಯಿಂದ. ಇವತ್ತಿನ ಕಾರುಗಳಿಗೆ ಈ ಕೆಲಸ ಕಡಿಮೆ. ಎಷ್ಟೋ ಎಂಜಿನ್ನುಗಳಲ್ಲಿ ಬ್ಲಾಕೇ ಅಲ್ಯೂಮಿನಿಯಂ, ಕೆಟ್ಟರೆ ಅರ್ಧ ಎಂಜಿನ್ನೇ ಹೊಸದು ತಂದು ಕೂರಿಸುತ್ತಾರೆ. ಬ್ಯಾಟರಿ ಕಾರಿಗಂತೂ ಪಿಸ್ಟನ್ನೇ ಇಲ್ಲ. ಬೋರಿಂಗ್ ಮಿಷನ್ನಿನ ಮುಂದೆ ನಿಂತು, ಮೈಕ್ರೋಮೀಟರು ಹಿಡಿದು, ಅರ್ಧ ಥೌ ಹೆಚ್ಚು ಕಡಿಮೆಯಾಯಿತೆಂದು ಬೆರಳ ತುದಿಯಲ್ಲಿ ಹೇಳುವವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಮೇಸ್ತ್ರಿಯ ಮಗ ಮೊಬೈಲ್ ಅಂಗಡಿ ಇಟ್ಟಿದ್ದಾನೆ. ತಪ್ಪು ಅವನದಲ್ಲ. ತಿಂಗಳಿಗೆ ಒಂದು ಹಳೇ ಎಂಜಿನ್ ಬಂದರೆ ಹೊಟ್ಟೆ ತುಂಬುವುದಿಲ್ಲ.

ಗ್ಯಾರೇಜಿನಲ್ಲಿ ಈಗ ಒಬ್ಬ ಹುಡುಗ ಇದ್ದಾನೆ. ಐ.ಟಿ.ಐ. ಓದಿದವನು. ರಾಕರಿನ ಮೇಲೆ ಆಯಿಲ್ ಜಿನುಗಿದ್ದು ನೋಡಿ 'ಬಂತು ಬಂತು' ಎಂದವನು ಇವನೇ. ಮೇಸ್ತ್ರಿ ಅವನಿಗೆ ಫೀಲರ್ ಗೇಜು ಕೊಟ್ಟು ಟ್ಯಾಪೆಟ್ ಹಿಡಿಸುತ್ತಾರೆ, ತಪ್ಪಿದರೆ ಬೈದು ಮತ್ತೆ ಹಿಡಿಸುತ್ತಾರೆ. 'ಇವ್ನಿಗೆ ಇನ್ನೆರಡು ಎಂಜಿನ್ ಕೈಗೆ ಸಿಕ್ರೆ ಕಲ್ತುಬಿಡ್ತಾನೆ. ಎಂಜಿನ್ ಎಲ್ಲಿಂದ ತರ್ಲಿ?' ಎಂಬುದು ಅವರ ಕೊರಗು.

ಎಂಜಿನ್ನುಗಳು ಇಲ್ಲದಿಲ್ಲ. ಜಿಲ್ಲೆಯ ಎಷ್ಟೋ ಮನೆಗಳ ಹಿತ್ತಲಲ್ಲಿ, ಅಡಿಕೆ ಚಪ್ಪರದ ಪಕ್ಕದಲ್ಲಿ, ಕೋಳಿ ಮೊಟ್ಟೆಯಿಡುವ ಜಾಗವಾಗಿ ಅಂಬಾಸಡರ್, ಫಿಯಟ್‌ಗಳು ನಿಂತಿವೆ. ಅವುಗಳ ಒಡೆಯರು ಇವತ್ತೇ ಕಟ್ಟಿಸಬೇಕೆಂದಿಲ್ಲ. ಈ ಭಾನುವಾರ ಪ್ಲಗ್ಗು ಬಿಚ್ಚಿ, ಪ್ರತಿ ಸಿಲಿಂಡರಿಗೂ ಎರಡು ಚಮಚ ಎಂಜಿನ್ ಆಯಿಲ್ ಹುಯ್ದು, ಕೈಯಲ್ಲಿ ಕ್ರ್ಯಾಂಕು ತಿರುಗುತ್ತದೆಯೋ ಇಲ್ಲವೋ ನೋಡಲಿ. ತಿರುಗಿದರೆ ಟ್ಯಾಂಕಿನ ಹಳೇ ಪೆಟ್ರೋಲು ಇಳಿಸಿ, ಆರ್.ಸಿ. ತಾರೀಕು ನೋಡಿ, ಸಾಗರ ರಸ್ತೆ ಕಡೆ ಒಂದು ಸಲ ಹೋಗಿ ಬರಲಿ. ಮೇಸ್ತ್ರಿಗೆ ವಯಸ್ಸು ಎಪ್ಪತ್ತು ದಾಟಿದೆ.